ಕಳಚಿದ ಒತ್ತು

ಚಿಂತಾಮಣಿ ಕೋರ್ಟಿನ ಗೇಟಿನಾಚೆ, ಹೊಂಗೆಮರದ ಬುಡದಲ್ಲಿ
ಇಪ್ಪತ್ತಾರು ವರ್ಷದಿಂದ ನನ್ನ ಮೇಜು.
ಟೈಪಿನ ಯಂತ್ರಕ್ಕೆ ನನಗಿಂತ ವಯಸ್ಸು.
ಹೋದ ಯುಗಾದಿಗೆ ಅದರ ಷಕಾರದ ಒತ್ತು ಕಳಚಿ ಬಿತ್ತು.
ರಿಪೇರಿಯ ಬಾಷಾ ಸಾಬರು ತೀರಿಹೋಗಿದ್ದಾರೆ,
ಇನ್ಯಾರಿಗೂ ಆ ಕೆಲಸ ಬಾರದು.
ಶಿಕ್ಷೆ ಎಂದು ಹೊಡೆದರೆ ಶಿಕೆ ಎಂದು ಬೀಳುತ್ತದೆ,
ಸಾಕ್ಷಿ ಸಾಕಿಯಾಗಿ ನಿಲ್ಲುತ್ತಾನೆ,
ಆಮೇಲೆ ನೀಲಿ ಪೆನ್ನಿನಲ್ಲಿ ಕೆಳಗೊಂದು ಬಾಲ ಬರೆದು ಸರಿಮಾಡುತ್ತೇನೆ.
ಪುಟಕ್ಕೆ ನಲವತ್ತು ರೂಪಾಯಿ. ಬಾಲಕ್ಕೆ ಕಾಸಿಲ್ಲ.

ಸೋಮವಾರ ವೆಂಕಟರೋಣಮ್ಮ ಬಂದಳು,
ಬೆನ್ನಿಗೆ ಊರಿನ ಮೂವತ್ತು ಜನ.
ಬರಿ ಬಚ್ಚಪ್ಪ, ಕಾನೂನು ಬದಲಾಗಬೇಕು ಅಂತ ಬರಿ.
ಯಾರಿಗೆ ಬರೆಯಲಿ?
ಡಿಸಿಗೆ ಅಂದ ಒಬ್ಬ. ದೆಹಲಿಗೇ ಬರಿ ಅಂದ ಇನ್ನೊಬ್ಬ.
ಹಾಲಿನ ಡೇರಿಯ ಕಾರ್ಯದರ್ಶಿ, ಮೆದು ಮನುಷ್ಯ,
ಹತ್ತು ವರ್ಷ ಅಂತ ಹಾಕು, ಕಮ್ಮಿ ಹಾಕಬೇಡ ಅಂದ.
ನೇಣು ಎಂದಿತು ಹಿಂದಿನಿಂದ ಒಂದು ದನಿ;
ತಿರುಗಿ ನೋಡಿದರೆ, ಇನ್ನೂ ಮೀಸೆ ಬಾರದ ಹುಡುಗ.
ಅವಳು ಮಾತ್ರ ಏನೂ ಅನ್ನಲಿಲ್ಲ.

ಕೈವಾರ ಕ್ರಾಸಿನಲ್ಲಿ ಬೆಳಗಿನ ಜಾವ
ರೇಷ್ಮೆಗೂಡಿನ ಮೂಟೆ ಕಟ್ಟಿಕೊಂಡು ಹೊರಟಿದ್ದ ಅವಳ ಚಲಪತಿ.
ಜಲ್ಲಿ ಟಿಪ್ಪರು. ಹೆಡ್‌ಲೈಟು ಒಂದೇ ಉರಿಯುತ್ತಿತ್ತಂತೆ.
ರಸ್ತೆ ತುಂಬ ಗೂಡು ಚೆಲ್ಲಿ, ಮಂಜಿನಲ್ಲಿ
ಮೊದಲು ಕಂಡವರು ಆಲಿಕಲ್ಲು ಬಿದ್ದಿದೆ ಅಂದುಕೊಂಡರಂತೆ.

ಐದು ವರ್ಷ. ನಲವತ್ತೊಂದು ವಾಯಿದೆ.
ತೀರ್ಪು: ಕೋರ್ಟು ಏಳುವವರೆಗೆ ಸಾದಾ ಸಜೆ, ಎಂಟು ಸಾವಿರ ದಂಡ.
ಸಜೆ ಶುರುವಾದಾಗ ಮೂರಕ್ಕೆ ಹತ್ತು ನಿಮಿಷವಿತ್ತು.
ಅವತ್ತು ಹಿರಿಯ ವಕೀಲರೊಬ್ಬರ ಶೋಕಸಭೆ,
ಮೂರೂವರೆಗೇ ಕೋರ್ಟು ಎದ್ದಿತು.
ಲೆಕ್ಕ ನೀವೇ ಹಾಕಿಕೊಳ್ಳಿ.
ಹೊರಗೆ ಬಂದವಳು ನನ್ನ ಮೇಜಿನ ಅಂಚು ಹಿಡಿದು ಕೇಳಿದಳು:
ಅಂತೇನಾ?
ಆ ತೆಲುಗಿಗೆ ಕನ್ನಡದಲ್ಲಿ ನನ್ನ ಬಳಿ ಉತ್ತರವಿರಲಿಲ್ಲ.
ತೆಲುಗಿನಲ್ಲೂ.

ಈ ಮೂವತ್ತು ಜನಕ್ಕೆ ತಿಳಿಯದ್ದು ಒಂದಿದೆ.
ಆ ಡ್ರೈವರನ ಅರ್ಜಿ ಹೊಡೆದವನೂ ನಾನೇ.
ಮೊದಲ ತಪ್ಪು. ಹಾಸಿಗೆ ಹಿಡಿದ ತಾಯಿ. ಕೈಗೂಸು.
ಒಂದೂ ಸುಳ್ಳಲ್ಲ. ಆ ಕೂಸು ಇದೇ ಮೇಜಿನ ಮೇಲೆ ಕೂತು
ಕಾರ್ಬನ್ ಹಾಳೆ ಎಳೆದು ಮೂತಿಯೆಲ್ಲ ಕಪ್ಪು ಮಾಡಿಕೊಂಡಿತ್ತು,
ಒರೆಸಿದ್ದು ನನ್ನ ಟವೆಲ್ಲಿನಲ್ಲಿ.
ಆಗ ಒತ್ತು ಗಟ್ಟಿಯಾಗಿತ್ತು,
ಕ್ಷಮೆ ಒಂದೇ ಏಟಿಗೆ ಅಚ್ಚಾಗಿ ಬಿತ್ತು.
ಹದಿನೆಂಟು ಗಂಟೆ ಗಾಡಿ ಓಡಿಸು ಎಂದ ಕ್ರಷರ್ ಧಣಿಯ ಹೆಸರು
ಆ ಕಾಗದದಲ್ಲೂ ಇರಲಿಲ್ಲ, ಪೊಲೀಸರ ಕಾಗದದಲ್ಲೂ ಇರಲಿಲ್ಲ.
ಅದನ್ನು ಹೊಡೆಯಲು ಬೇಕಾದ ಕೀಲಿಗಳೆಲ್ಲ ನೆಟ್ಟಗಿದ್ದವು.
ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈ ಸಲ ಕೇಳಿದೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.
ಅರ್ಧ ಊರಿಗೆ ಅವನಲ್ಲೇ ಕೂಲಿ.
ವೆಂಕಟರೋಣಮ್ಮ ಹೆಸರು ಹೇಳಿದಳು,
ತಂದೆಯ ಹೆಸರೂ ಸೇರಿಸಿ.

ಐದು ಪ್ರತಿ ಹೊಡೆದೆ. ಬಾಲ ಬರೆಯಲು ಕೂತಾಗ
ಏನದು, ಅಲ್ಲಿ ಮಾತ್ರ ಪೆನ್ನು? ಅಂದಳು.
ಹೇಳಿದೆ. ಇಲ್ಲಿ ಕೊಡು ಅಂದಳು.
ಹೆಬ್ಬೆಟ್ಟಿನವಳು, ಒಂದು ಸಲ ತೋರಿಸಿದ್ದಕ್ಕೇ ಹಿಡಿದುಬಿಟ್ಟಳು:
ತಟ್ಟೆಯ ಮೇಲೆ ಹುಳ ತಲೆಯೆತ್ತಿದ ಹಾಗೆ ಒಂದು ಸುತ್ತು.
ಶಿಕ್ಷೆ. ಶಿಕ್ಷೆ. ಸಾಕ್ಷಿ. ಶಿಕ್ಷೆ.
ಜನ ಚಹಾಕ್ಕೆ ಹೋಗಿದ್ದರು.

ಕೊನೆಯ ಸಾಲಿಗೆ ಬಂದು ಬೆರಳಿಟ್ಟಳು. ಇದು ಯಾವ ಮಾತು?
ಕೈಯ ರೂಢಿ. ಅರ್ಜಿ ಯಾವುದೇ ಇರಲಿ, ಮುಗಿಸುವುದೇ ಹಾಗೆ:
ತಪ್ಪಿದ್ದರೆ ಕ್ಷಮೆ ಇರಲಿ.
ಓದಿ ಹೇಳಿದೆ.

ಪೆನ್ನು ಹಾಳೆಯ ಮೇಲೆ ಬಹಳ ಹೊತ್ತು ನಿಂತಿತ್ತು,
ಒಂದು ನೀಲಿ ಚುಕ್ಕೆ ಮೂಡಿತು.
ಆಮೇಲೆ ಕ್ಯಾಪು ಹಾಕಿದಳು.
ಇದನ್ನ ಇಂಗೇ ಬಿಡು, ಅಂದಳು.

ಕಮೆ ಅಂತಲೇ ಹೋಯಿತು, ಐದು ಕಡೆಗೂ.